ಒಂದೇ ತಂತಿಯ ಕನಸುಗಾರ ಥಿಯೋಡರ್ ವೇಲ್

ಸುಮಾರು ನೂರಿಪ್ಪತ್ತು ವರ್ಷಗಳ ಹಿಂದೆ ಅಮೆರಿಕದ ಅನೇಕ ಪಟ್ಟಣಗಳ ಅಂಗಡಿಗಳಲ್ಲಿ ಎರಡೆರಡು ಟೆಲಿಫೋನ್ ಇರುತ್ತಿದ್ದವು. ಒಂದು ಬೆಲ್ ಕಂಪನಿಯದು, ಇನ್ನೊಂದು ಊರಿನವರೇ ಹಣ ಹಾಕಿ ಕಟ್ಟಿದ ಸ್ವತಂತ್ರ ಕಂಪನಿಯದು. ಒಂದರಿಂದ ಇನ್ನೊಂದಕ್ಕೆ ಕರೆ ಹೋಗುತ್ತಿರಲಿಲ್ಲ. ಡಾಕ್ಟರ ಬಳಿ ಬೆಲ್ ಫೋನ್ ಮಾತ್ರ, ನಿಮ್ಮ ಬಳಿ ಇನ್ನೊಂದು ಮಾತ್ರ ಇದ್ದರೆ, ಒಂದೇ ಬೀದಿಯವರಾದರೂ ನಡೆದುಕೊಂಡೇ ಹೋಗಬೇಕಿತ್ತು. ಎಲ್ಲರೂ ಬೇಕು ಎನ್ನುವ ವ್ಯಾಪಾರಿ ಎರಡು ಬಾಡಿಗೆ ಕಟ್ಟುತ್ತಿದ್ದ. ಈ ಗೋಜಲಿಗೆ ದೇಶಕ್ಕೆಲ್ಲ ಒಂದೇ ಜಾಲ ಇರಲಿ ಎಂದು ಹಟ ಹಿಡಿದವನು ಥಿಯೋಡರ್ ವೇಲ್.

ವೇಲ್ ಹುಟ್ಟಿದ್ದು 1845ರಲ್ಲಿ, ಓಹಿಯೊ ರಾಜ್ಯದಲ್ಲಿ. ಮೋರ್ಸ್ ಜೊತೆ ಟೆಲಿಗ್ರಾಫ್ ಯಂತ್ರ ರೂಪಿಸಿದ ಆಲ್ಫ್ರೆಡ್ ವೇಲ್ ಆತನ ಸಂಬಂಧಿ. ಹುಡುಗ ಔಷಧದಂಗಡಿಯಲ್ಲಿ ಕೆಲಸಕ್ಕಿದ್ದಾಗ ತಂತಿ ಕಳಿಸುವುದನ್ನು ಕಲಿತ. ಆಮೇಲೆ ರೈಲ್ವೆಯಲ್ಲಿ ತಂತಿ ಕೆಲಸ, ನಂತರ ರೈಲಿನಲ್ಲಿ ಅಂಚೆ ವಿಂಗಡಿಸುವ ಇಲಾಖೆ. ಅಲ್ಲಿ ಗುಮಾಸ್ತನಾಗಿ ಸೇರಿದವನು 1876ರಲ್ಲಿ ಅದರ ಮುಖ್ಯಸ್ಥನೇ ಆದ. ಯಾವ ಊರಿನ ಕಾಗದವಾದರೂ ಯಾವ ಊರಿಗಾದರೂ ತಲುಪಬೇಕು ಎಂಬ ಪಾಠ ಆತನಿಗೆ ಸಿಕ್ಕಿದ್ದು ಇಲ್ಲೇ ಇರಬೇಕು.

1878ರಲ್ಲಿ ಬೆಲ್ ಕಂಪನಿಯ ಜನರಲ್ ಮ್ಯಾನೇಜರ್ ಆದ. ಮರುವರ್ಷವೇ ಟೆಲಿಗ್ರಾಫ್ ದೈತ್ಯ ವೆಸ್ಟರ್ನ್ ಯೂನಿಯನ್, ಪೇಟೆಂಟ್ ಮೊಕದ್ದಮೆಯಲ್ಲಿ ರಾಜಿಯಾಗಿ ಟೆಲಿಫೋನ್ ವ್ಯವಹಾರವನ್ನೇ ಬಿಟ್ಟಿತು. 1885ರಲ್ಲಿ ದೂರದ ಕರೆಗಳಿಗಾಗಿ ಎಟಿ ಅಂಡ್ ಟಿ ಕಂಪನಿ ಹುಟ್ಟಿತು, ವೇಲ್ ಅದರ ಮೊದಲ ಅಧ್ಯಕ್ಷ. 1887ರಲ್ಲಿ ಕೆಲಸ ಬಿಟ್ಟು ಹೋದ. ಮುಂದೆ ಅರ್ಜೆಂಟೀನಾದಲ್ಲಿ ಟ್ರಾಂ, ವಿದ್ಯುತ್ ವ್ಯವಹಾರ ನಡೆಸಿದ.

ಆತ ಇಲ್ಲದಿದ್ದಾಗ ಎಲ್ಲ ಬದಲಾಯಿತು. 1893-94ರಲ್ಲಿ ಬೆಲ್ ಪೇಟೆಂಟ್‌ಗಳ ಅವಧಿ ಮುಗಿದದ್ದೇ ತಡ, ಊರೂರಿಗೆ ಹೊಸ ಕಂಪನಿಗಳು ಎದ್ದವು. ಬೆಲ್ ಕಂಪನಿ ತಿರುಗಿಯೂ ನೋಡದ ಹಳ್ಳಿಗಳಲ್ಲಿ ರೈತರೇ ಸೇರಿ ಲೈನ್ ಎಳೆದರು. ಕೆಲವೆಡೆ ಹೊಲದ ಬೇಲಿಯ ಮುಳ್ಳುತಂತಿಯ ಮೇಲೇ ಮಾತು ಹರಿಯಿತು! ಬಾಡಿಗೆ ಇಳಿಯಿತು. 1907ರ ಹೊತ್ತಿಗೆ ದೇಶದ ಸುಮಾರು 60 ಲಕ್ಷ ಫೋನ್‌ಗಳಲ್ಲಿ ಅರ್ಧದಷ್ಟು ಸ್ವತಂತ್ರ ಕಂಪನಿಗಳವೇ ಆಗಿದ್ದವು. ಪೈಪೋಟಿಯಿಂದ ಹಳ್ಳಿಗೆ ಫೋನ್ ಬಂತು ಎಂಬುದನ್ನು ಮರೆಯುವಂತಿಲ್ಲ.

ಆ ವರ್ಷ, ಹೆಂಡತಿ ಮತ್ತು ಒಬ್ಬನೇ ಮಗನನ್ನು ಕಳೆದುಕೊಂಡಿದ್ದ 61ರ ವೇಲ್‌ನನ್ನು ಬ್ಯಾಂಕರ್‌ಗಳು ಮತ್ತೆ ಕರೆತಂದು ಎಟಿ ಅಂಡ್ ಟಿ ಅಧ್ಯಕ್ಷನನ್ನಾಗಿ ಕೂರಿಸಿದರು. ಆತನ ಲೆಕ್ಕ ಸರಳ. ಜಾಲಕ್ಕೆ ಒಬ್ಬ ಹೊಸಬ ಸೇರಿದರೆ ಹಳಬರೆಲ್ಲರ ಫೋನಿಗೂ ಬೆಲೆ ಹೆಚ್ಚುತ್ತದೆ. ಒಂದೇ ಬೀದಿಯಲ್ಲಿ ಎರಡು ಸಾಲು ಕಂಬ ನೆಡುವುದು ದಂಡ. ಹಾಗಾಗಿ ಒಂದೇ ಕಂಪನಿ ಇರಲಿ, ಅದು ಹೆಚ್ಚು ಸುಲಿಯದಂತೆ ಸರಕಾರದ ಆಯೋಗ ದರ ನೋಡಿಕೊಳ್ಳಲಿ. ಉದ್ಯಮಿಗಳು ಸರಕಾರದ ಹೆಸರೆತ್ತಿದರೆ ಉರಿಯುತ್ತಿದ್ದ ಕಾಲದಲ್ಲಿ ಈತ ತಾನಾಗಿ ನಿಯಂತ್ರಣವನ್ನು ಒಪ್ಪಿದ.

ಒಪ್ಪಿದ್ದರಲ್ಲಿ ಜಾಣತನವೂ ಇತ್ತು. ಎರಡು ಫೋನಿನ ಕಾಟಕ್ಕೆ ಒಂದು ಕಾರಣ, ಎದುರಾಳಿಗಳ ತಂತಿಯನ್ನು ತನ್ನ ಜಾಲಕ್ಕೆ ಜೋಡಿಸಲು ಬೆಲ್ ಕಂಪನಿ ಒಪ್ಪದೇ ಇದ್ದದ್ದು. ವೇಲ್ ಪೈಪೋಟಿ ಇಲ್ಲದ ಊರಿನ ಸಣ್ಣ ಕಂಪನಿಗಳನ್ನು ಜೋಡಿಸಿಕೊಂಡ, ಪೈಪೋಟಿ ಕೊಟ್ಟ ಅನೇಕರನ್ನು ಕೊಂಡುಕೊಂಡ. 1909ರಲ್ಲಿ ವೆಸ್ಟರ್ನ್ ಯೂನಿಯನ್ನಿನ ಹಿಡಿತವೂ ಕೈಗೆ ಬಂತು. ಆಗ ಸರಕಾರ ಎಚ್ಚೆತ್ತಿತು. ಮೊಕದ್ದಮೆಯ ಭಯದಲ್ಲಿ 1913ರ ಡಿಸೆಂಬರ್‌ನಲ್ಲಿ ಉಪಾಧ್ಯಕ್ಷ ಕಿಂಗ್ಸ್‌ಬರಿ ಸರಕಾರಕ್ಕೆ ಪತ್ರ ಬರೆದ. ವೆಸ್ಟರ್ನ್ ಯೂನಿಯನ್ ಬಿಟ್ಟುಕೊಡುವುದು, ಎದುರಾಳಿ ಕಂಪನಿಗಳನ್ನು ಅನುಮತಿಯಿಲ್ಲದೆ ಕೊಳ್ಳದಿರುವುದು, ದೂರದ ಕರೆಗಳಿಗೆ ಸ್ವತಂತ್ರ ಕಂಪನಿಗಳ ತಂತಿ ಜೋಡಿಸುವುದು - ಇವು ಪತ್ರದಲ್ಲಿದ್ದ ಒಪ್ಪಿಗೆಗಳು. ಆದರೆ ಊರೊಳಗಿನ ಎರಡು ಎಕ್ಸ್‌ಚೇಂಜ್‌ಗಳನ್ನು ಪರಸ್ಪರ ಜೋಡಿಸಬೇಕೆಂಬ ಮಾತು ಅದರಲ್ಲಿ ಇರಲಿಲ್ಲ. ಅಂಗಡಿಯ ಗಲ್ಲದ ಮೇಲಿನ ಎರಡು ಫೋನು ಹಾಗೇ ಉಳಿದವು.

ಜೋಡಣೆಯ ಈ ಜಗಳ ನಮಗೂ ಹೊಸದಲ್ಲ. ಕಾಸರಗೋಡಿನ ಒಂದು ಕಂಪನಿಯ ಸಿಮ್‌ನಿಂದ ಮಂಗಳೂರಿನ ಇನ್ನೊಂದು ಕಂಪನಿಯ ಸಿಮ್‌ಗೆ ಕರೆ ಹೋಗುವುದು ಕಂಪನಿಗಳ ದಯೆಯಿಂದಲ್ಲ, ಜೋಡಿಸಲೇಬೇಕೆಂಬ ನಿಯಮದಿಂದ. ಹಾಗೆ ಕರೆ ತಲುಪಿಸಿದ್ದಕ್ಕೆ ಒಂದು ಮೊಬೈಲ್ ಕಂಪನಿ ಇನ್ನೊಂದಕ್ಕೆ ಕೊಡಬೇಕಾದ ಶುಲ್ಕವನ್ನು ಟ್ರಾಯ್ 2017ರ ಅಕ್ಟೋಬರ್‌ನಲ್ಲಿ ನಿಮಿಷಕ್ಕೆ 6 ಪೈಸೆಗೆ ಇಳಿಸಿತು. 2021ರ ಜನವರಿಯಿಂದ ಅದೂ ಇಲ್ಲ.

1915ರ ಜನವರಿ 25ರಂದು ನ್ಯೂಯಾರ್ಕ್‌ನಿಂದ ಸ್ಯಾನ್ ಫ್ರಾನ್ಸಿಸ್ಕೊವರೆಗೆ ಮೊದಲ ಲೈನ್ ಉದ್ಘಾಟನೆಯಾಯಿತು. ಕಾಲು ನೋವಿನಿಂದ ಜಾರ್ಜಿಯಾದ ಜೆಕಿಲ್ ದ್ವೀಪದಲ್ಲಿ ಉಳಿದಿದ್ದ ವೇಲ್ ಅಲ್ಲಿಂದಲೇ ಮಾತಿಗೆ ಸೇರಿದ. ಯುದ್ಧಕಾಲದಲ್ಲಿ, 1918ರ ಆಗಸ್ಟ್‌ನಿಂದ ಒಂದು ವರ್ಷ, ಸರಕಾರವೇ ಟೆಲಿಫೋನನ್ನು ವಶಕ್ಕೆ ತೆಗೆದುಕೊಂಡಿತು. ದರ ಇಳಿಯಲಿಲ್ಲ, ಏರಿತು!

1919ರಲ್ಲಿ ಅಧ್ಯಕ್ಷ ಸ್ಥಾನ ಬಿಟ್ಟ ವೇಲ್ 1920ರ ಏಪ್ರಿಲ್ 16ರಂದು ತೀರಿಕೊಂಡ. ಮರುವರ್ಷ ಬಂದ ಕಾನೂನು, ಆಯೋಗದ ಒಪ್ಪಿಗೆ ಪಡೆದು ಎದುರಾಳಿಗಳನ್ನು ಕೊಳ್ಳಲು ಮತ್ತೆ ದಾರಿ ತೆರೆಯಿತು. ಆತ ಬಯಸಿದ ಏಕಸ್ವಾಮ್ಯ ಆರು ದಶಕ ನಡೆಯಿತು. 1984ರ ಜನವರಿ 1ರಂದು ಎಟಿ ಅಂಡ್ ಟಿ ತನ್ನ ಸ್ಥಳೀಯ ಕಂಪನಿಗಳನ್ನೆಲ್ಲ ಬಿಟ್ಟುಕೊಡಬೇಕಾಯಿತು.