ಪದವಿಯಿಲ್ಲದ ಪ್ರಾಧ್ಯಾಪಕ: ಸರ್ ಪ್ಯಾಟ್ರಿಕ್ ಗೆಡ್ಡಿಸ್

ನಮ್ಮ ಮಕ್ಕಳಲ್ಲಿ ಹಲವರು ಈಗ ವೈದ್ಯಕೀಯ, ಎಂಜಿನಿಯರಿಂಗ್, ಕಂಪ್ಯೂಟರ್ ಎಂಬ ಮೂರು ಹೆದ್ದಾರಿಗಳನ್ನು ಬಿಟ್ಟು ಬೇರೆ ದಾರಿ ಹಿಡಿಯುತ್ತಿದ್ದಾರೆ. ಅಂಥ ದಾರಿಗಳಲ್ಲಿ ಒಂದು, ಸುಸ್ಥಿರ ಅಭಿವೃದ್ಧಿಗಾಗಿ ಊರು-ನಾಡುಗಳ ಯೋಜನೆಯನ್ನು ಕುರಿತ ಸ್ನಾತಕೋತ್ತರ ವ್ಯಾಸಂಗ. ಇದೆಂಥ ಓದು, ಮುಂದೆ ಹೊಟ್ಟೆಪಾಡಿಗೇನು ಎಂದು ಮನೆಯ ಹಿರಿಯರು ಕೇಳುವುದು ಸಹಜ. ಆ ಪ್ರಶ್ನೆಗೆ ನೇರವಾದ ಉತ್ತರ ಕೊಡುವುದಕ್ಕಿಂತ, ಈ ಓದಿಗೆ ಬುನಾದಿ ಹಾಕಿದವರಲ್ಲಿ ಒಬ್ಬರಾದ ಹಿರಿಯರ ಬಾಳನ್ನು ಈ ಸ್ಮರಣ ಸಂಚಿಕೆಯ ಓದುಗರ ಮುಂದಿಡುವುದು ಲೇಸೆಂದು ನಮಗೆ ತೋರಿತು. ಅವರು ಹುಟ್ಟಿದ್ದು ನಾವು ಈಗ ನೆಲೆಸಿರುವ ಈ ಬ್ರಿಟನ್ನಿನಲ್ಲೇ. ಅವರ ಜೀವಮಾನದ ಬಹು ಮುಖ್ಯವಾದ ವರ್ಷಗಳು ಸಂದದ್ದು ನಾವು ಬಿಟ್ಟುಬಂದ ಭಾರತದಲ್ಲಿ.

ಪ್ಯಾಟ್ರಿಕ್ ಗೆಡ್ಡಿಸ್ 1854ರ ಅಕ್ಟೋಬರ್ 2ರಂದು ಸ್ಕಾಟ್ಲೆಂಡಿನ ಬ್ಯಾಲಟರ್ ಎಂಬ ಸಣ್ಣ ಊರಿನಲ್ಲಿ ಜನಿಸಿದರು. ತಂದೆ ಸೈನ್ಯದಲ್ಲಿ ದುಡಿದವರು. ಬಾಲ್ಯ ಕಳೆದದ್ದು ಪರ್ತ್ ಪಟ್ಟಣದ ಅಂಚಿನ ತೋಟದ ಮನೆಯಲ್ಲಿ. ಗಿಡಮರ ಬೆಟ್ಟಗಳ ನಡುವೆ ಬೆಳೆದ ಹುಡುಗ ಕೆಲಕಾಲ ಬ್ಯಾಂಕಿನಲ್ಲಿ ಗುಮಾಸ್ತಗಿರಿ ಮಾಡಿದರೂ ಲೆಕ್ಕದ ಪುಸ್ತಕ ಅವನನ್ನು ಹಿಡಿದಿಡಲಿಲ್ಲ. ಸಸ್ಯಶಾಸ್ತ್ರ ಕಲಿಯಲೆಂದು ಎಡಿನ್‌ಬರೋ ವಿಶ್ವವಿದ್ಯಾನಿಲಯ ಸೇರಿದರು. ಒಂದೇ ವಾರದಲ್ಲಿ ಅದನ್ನು ಬಿಟ್ಟರು! ಲಂಡನ್ನಿಗೆ ಹೋಗಿ ಪ್ರಸಿದ್ಧ ಜೀವಶಾಸ್ತ್ರಜ್ಞ ಥಾಮಸ್ ಹಕ್ಸ್‌ಲೀ ಅವರ ಶಿಷ್ಯರಾದರು. ಕಲಿತದ್ದು ಬೆಟ್ಟದಷ್ಟು, ಆದರೆ ಪದವಿಯನ್ನು ಮಾತ್ರ ಪಡೆಯಲೇ ಇಲ್ಲ.

1879ರಲ್ಲಿ ಸಂಶೋಧನೆಗೆಂದು ಮೆಕ್ಸಿಕೋ ದೇಶಕ್ಕೆ ಹೋದಾಗ ಅವರ ಕಣ್ಣಿಗೆ ಕುತ್ತು ಬಂತು. ವಾರಗಟ್ಟಲೆ ಕತ್ತಲೆಯ ಕೋಣೆಯಲ್ಲಿ ಕೂರಬೇಕಾಯಿತು. ಸೂಕ್ಷ್ಮದರ್ಶಕವನ್ನೇ ನಂಬಿದ್ದ ಇಪ್ಪತ್ತೈದರ ತರುಣನಿಗೆ ಇದಕ್ಕಿಂತ ದೊಡ್ಡ ಪೆಟ್ಟು ಬೇರೆ ಯಾವುದು? ಕತ್ತಲೆಯಲ್ಲಿ ಕಿಟಕಿಯ ಚೌಕಗಳನ್ನು ಬೆರಳಿನಿಂದ ಮುಟ್ಟುತ್ತ, ಕಾಗದವನ್ನು ಚೌಕಚೌಕವಾಗಿ ಮಡಿಸುತ್ತ, ಒಂದೊಂದು ಮನೆಯಲ್ಲಿ ಒಂದೊಂದು ವಿಷಯವನ್ನಿಟ್ಟು ಅವುಗಳ ಸಂಬಂಧವನ್ನು ಯೋಚಿಸುವ ಅಭ್ಯಾಸ ಅಲ್ಲಿ ಹುಟ್ಟಿತು. ನೆಲ, ದುಡಿಮೆ, ಜನ ಎಂಬ ಮೂರನ್ನು ಒಟ್ಟಿಗೆ ನೋಡದೆ ಯಾವ ಊರೂ ಅರ್ಥವಾಗದು ಎಂಬುದು ಮುಂದೆ ಅವರ ಪಾಠದ ತಿರುಳಾಯಿತು. ಇದರ ಬೀಜ ಫ್ರಾನ್ಸಿನ ಲ ಪ್ಲೇ ಎಂಬ ಸಮಾಜಶಾಸ್ತ್ರಜ್ಞರದು. ಅದನ್ನು ಬೆಳೆಸಿದವರು ಗೆಡ್ಡಿಸ್. ದೃಷ್ಟಿ ಮರಳಿತಾದರೂ ಸೂಕ್ಷ್ಮದರ್ಶಕದ ಕೆಲಸಕ್ಕೆ ಕಣ್ಣು ಮೊದಲಿನಂತಾಗಲಿಲ್ಲ. ಜೀವಕೋಶ ಬಿಟ್ಟು ಜನವಸತಿಯ ಕಡೆಗೆ ಅವರ ಮನಸ್ಸು ತಿರುಗಿತು.

1886ರಲ್ಲಿ ಆನಾ ಮಾರ್ಟನ್ ಎಂಬ ಸಂಗೀತಗಾರ್ತಿಯನ್ನು ಮದುವೆಯಾದರು. ಆಗ ಎಡಿನ್‌ಬರೋದ ಹಳೆಯ ಊರೆಂದರೆ ಕೊಳಚೆಯ ಕೇರಿ. ಉಳ್ಳವರೆಲ್ಲ ಹೊಸ ಬಡಾವಣೆಗೆ ಹೊರಟುಹೋಗಿದ್ದರು. ಗೆಡ್ಡಿಸ್ ದಂಪತಿಗಳಾದರೋ ಹೋಗಿ ಹೋಗಿ ಆ ಕೇರಿಯಲ್ಲೇ ಮನೆ ಮಾಡಿದರು! ನೆರೆಹೊರೆಯವರನ್ನು ಕೂಡಿಕೊಂಡು ಗುಡಿಸಿದರು, ಸುಣ್ಣ ಬಳಿದರು, ಕಿಟಕಿಗಳಲ್ಲಿ ಹೂಕುಂಡ ಇಟ್ಟರು. ಶಿಥಿಲವಾದ ಮನೆಗಳನ್ನು ದುರಸ್ತಿ ಮಾಡಿಸಿ ವಿದ್ಯಾರ್ಥಿಗಳಿಗೆ ವಸತಿಗೃಹ ತೆರೆದರು. ಗೋಡೆಗಳ ನಡುವಿನ ಖಾಲಿ ಜಾಗಗಳನ್ನು ಹುಡುಕಿ ತೋಟ ಮಾಡಿಸುವ ಕೆಲಸದಲ್ಲಿ ಮುಂದೆ ಮಗಳು ನೋರಾ ಕೂಡ ಕೈಜೋಡಿಸಿದಳು.

1892ರಲ್ಲಿ ಕೋಟೆಯ ಹತ್ತಿರದ ಗೋಪುರವೊಂದು ಅವರ ಕೈಗೆ ಬಂತು. ಇಂದು ಪ್ರವಾಸಿಗರು ಕ್ಯಾಮೆರಾ ಅಬ್ಸ್‌ಕ್ಯೂರಾ ಎಂದು ನೋಡಲು ಹೋಗುವ ಕಟ್ಟಡ ಅದೇ. ತುದಿಯ ಕೋಣೆಯಲ್ಲಿ ಇಡೀ ಊರು ಚಿತ್ರವಾಗಿ ಬಿಳಿಯ ಮೇಜಿನ ಮೇಲೆ ಬೀಳುತ್ತದೆ. ಗೆಡ್ಡಿಸ್ ಕಾಲದಲ್ಲಿ ಅಲ್ಲಿಂದ ಒಂದೊಂದೇ ಅಂತಸ್ತು ಇಳಿದಂತೆ ಎಡಿನ್‌ಬರೋ, ಸ್ಕಾಟ್ಲೆಂಡ್, ಇಂಗ್ಲಿಷ್ ನುಡಿಯ ನಾಡುಗಳು, ಯೂರೋಪು, ಕೊನೆಗೆ ಪ್ರಪಂಚ ಎದುರಾಗುತ್ತಿದ್ದವು. ಮೊದಲು ನಿನ್ನ ಊರನ್ನು ಕಣ್ಣಾರೆ ನೋಡು, ಆಮೇಲೆ ಜಗತ್ತನ್ನು ಅದಕ್ಕೆ ಜೋಡಿಸು ಎಂಬುದೇ ಆ ಗೋಪುರದ ಪಾಠ.

1888ರಿಂದ ಅವರು ಡಂಡೀ ನಗರದಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ವರ್ಷದಲ್ಲಿ ಬೇಸಿಗೆಯ ಒಂದು ಅವಧಿ ಮಾತ್ರ ಪಾಠ, ಉಳಿದ ಕಾಲ ನಗರಗಳ ಅಧ್ಯಯನ. ಬೆಟ್ಟದಿಂದ ಕಡಲವರೆಗೆ ಹರಿಯುವ ನದಿಯ ಕಣಿವೆಯನ್ನು ಉದ್ದಕ್ಕೂ ಸೀಳಿ ನೋಡಿದಂತೆ ಒಂದು ಚಿತ್ರ ಬರೆದು, ಎಲ್ಲಿ ಗಣಿಯವನು, ಎಲ್ಲಿ ಕುರುಬ, ಎಲ್ಲಿ ರೈತ, ಎಲ್ಲಿ ಬೆಸ್ತ ಎಂದು ತೋರಿಸುತ್ತಿದ್ದರು. ನಗರ ಬದುಕುವುದು ಆ ಇಡೀ ಕಣಿವೆಯ ಬಲದಿಂದ. ಆದ್ದರಿಂದ ನಗರವನ್ನಷ್ಟೇ ಯೋಜಿಸಿದರೆ ಸಾಲದು. ಸುಸ್ಥಿರ ಅಭಿವೃದ್ಧಿ ಎಂಬ ಮಾತು 1987ರ ಬ್ರುಂಟ್‌ಲಾಂಡ್ ಆಯೋಗದ ವರದಿಯಿಂದ ಮನೆಮಾತಾಯಿತಷ್ಟೆ. ಅದಕ್ಕೆ ನೂರು ವರ್ಷ ಮೊದಲೇ ಗೆಡ್ಡಿಸ್, ಹಣದ ಲೆಕ್ಕ ಮಾತ್ರ ಇಟ್ಟು ಕಲ್ಲಿದ್ದಲು, ಮಣ್ಣು, ಶಕ್ತಿಗಳ ಲೆಕ್ಕ ಇಡದ ಅರ್ಥಶಾಸ್ತ್ರ ಅರೆಬರೆಯಾದದ್ದೆಂದು ಬರೆದಿದ್ದರು.

ಮದರಾಸಿನ ಗವರ್ನರ್ ಲಾರ್ಡ್ ಪೆಂಟ್‌ಲಂಡ್ ಅವರ ಆಹ್ವಾನದ ಮೇಲೆ 1914ರಲ್ಲಿ ಗೆಡ್ಡಿಸ್ ಭಾರತಕ್ಕೆ ಹೊರಟರು. ಆಗವರಿಗೆ ಅರವತ್ತು. ವರ್ಷಾನುಗಟ್ಟಲೆ ಕೂಡಿಸಿದ್ದ ನಕ್ಷೆ, ಚಿತ್ರಗಳ ನಗರ ಪ್ರದರ್ಶನವನ್ನು ಬೇರೊಂದು ಹಡಗಿಗೆ ಹೇರಿಸಿದ್ದರು. ಮದರಾಸಿನ ಮೇಲೆ ಗುಂಡು ಹಾರಿಸಿ ಹೆಸರಾದ ಎಂಡೆನ್ ಎಂಬ ಜರ್ಮನ್ ಯುದ್ಧನೌಕೆ ಆ ಹಡಗನ್ನೂ ಮುಳುಗಿಸಿತು. ಬಾಳಿನ ಗಳಿಕೆಯೆಲ್ಲ ನೀರುಪಾಲು! ಆದರೂ ಅವರು ಹಿಂದಿರುಗಲಿಲ್ಲ. ಸ್ವದೇಶದ ಮಿತ್ರರು ಹೊಸದಾಗಿ ನಕ್ಷೆ, ಚಿತ್ರಗಳನ್ನು ಕೂಡಿಸಿ ಕಳುಹಿಸಿದರು. 1915ರಲ್ಲಿ ಮದರಾಸಿನಲ್ಲಿ ಪ್ರದರ್ಶನ ನಡೆದೇ ನಡೆಯಿತು.

ಆಮೇಲೆ ಅವರು ಊರೂರು ತಿರುಗಿದರು. ಮದರಾಸು ಪ್ರಾಂತದಲ್ಲಿ ಅವರು ನೋಡಿ ವರದಿ ಬರೆದ ಊರುಗಳಲ್ಲಿ ತಂಜಾವೂರು, ಮಧುರೆಗಳ ಜೊತೆಗೆ ನಮ್ಮ ಬಳ್ಳಾರಿಯೂ ಒಂದು. 1953ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಬಳ್ಳಾರಿ ಆಗ ಮದರಾಸಿನ ಆಡಳಿತದಲ್ಲಿತ್ತು. ಇಕ್ಕಟ್ಟಾದ ಪೇಟೆಗಳನ್ನು ಒಡೆದು ನೇರವಾದ ಅಗಲ ರಸ್ತೆ ಹಾಯಿಸುವುದೇ ಸುಧಾರಣೆ ಎಂದು ಅಧಿಕಾರಿಗಳು ನಂಬಿದ್ದ ಕಾಲ ಅದು. ಹಾಗೆ ಒಡೆದರೆ ಬಡವರು ಬೀದಿಪಾಲಾಗಿ ಪಕ್ಕದ ಓಣಿಯಲ್ಲೇ ಮತ್ತಷ್ಟು ಒತ್ತಾಗಿ ತುಂಬಿಕೊಳ್ಳುತ್ತಾರೆಂದು ಗೆಡ್ಡಿಸ್ ವಾದಿಸಿದರು. ಬಿದ್ದುಹೋಗುವ ಒಂದೆರಡು ಮನೆ ತೆಗೆಯಿರಿ, ಅಲ್ಲೊಂದು ಅಂಗಳ ಮಾಡಿ, ಮರ ನೆಡಿ, ಬಾವಿ, ಗುಡಿ, ಮಸೀದಿಗಳನ್ನು ಉಳಿಸಿ ಎಂಬುದು ಅವರ ಕ್ರಮ. ಕೈಕಾಲು ಕಡಿಯದೆ ಹುಣ್ಣನ್ನಷ್ಟೇ ಕೊಯ್ಯುವ ವೈದ್ಯನ ರೀತಿ ಇದು. ಖರ್ಚೂ ಕಡಮೆ.

ಮುಂಬೈ ಬಳಿಯ ಠಾಣೆಯಲ್ಲಿ ಸೊಳ್ಳೆಯ ಕಾಟಕ್ಕೆ ಹೆದರಿ ಕೆರೆಗಳನ್ನೇ ಮುಚ್ಚುವ ಯೋಚನೆ ನಡೆದಿತ್ತು. ಮೀನು, ಬಾತುಗಳನ್ನು ಬಿಟ್ಟರೆ ಸೊಳ್ಳೆಮರಿಗಳನ್ನು ಅವೇ ತಿಂದು ತೇಗುತ್ತವೆ, ಕೆರೆಯೂ ಉಳಿಯುತ್ತದೆ ಎಂದು ಗೆಡ್ಡಿಸ್ ಸೂಚಿಸಿದರು. ಧರ್ಮಾಂಬುಧಿ ಕೆರೆಯಿದ್ದಲ್ಲಿ ಬಸ್ ನಿಲ್ದಾಣವನ್ನೂ, ಸಂಪಂಗಿ ಕೆರೆಯಿದ್ದಲ್ಲಿ ಕಂಠೀರವ ಕ್ರೀಡಾಂಗಣವನ್ನೂ ಕಂಡಿರುವ ಬೆಂಗಳೂರಿನವರಾದ ನಮಗೆ ಈ ಸಂಗತಿ ಓದುವಾಗ ಕರುಳು ಚುರುಕ್ ಎನ್ನದಿರದು.

ಇಂದೂರಿನ ಕಥೆಯಂತೂ ನಮ್ಮ ಮಕ್ಕಳಿಗೆ ಹೇಳಲೇಬೇಕಾದದ್ದು. ಅಲ್ಲಿ ಪ್ಲೇಗು ಹಾವಳಿಯಿತ್ತು. ಜನರಿಗೆ ಸರ್ಕಾರದ ಎಂಜಿನಿಯರೆಂದರೆ ಭಯ. ಗೆಡ್ಡಿಸ್ ಒಂದು ದಿನದ ಮಟ್ಟಿಗೆ ಮಹಾರಾಜನ ಅಧಿಕಾರ ಕೇಳಿ ಪಡೆದು, ದೀಪಾವಳಿಯ ಮೆರವಣಿಗೆ ಯಾವ ಬೀದಿಗಳ ಜನ ಚೆನ್ನಾಗಿ ಗುಡಿಸಿ ಸಾರಿಸಿದ್ದಾರೋ ಆ ಬೀದಿಗಳಲ್ಲೇ ಹಾಯುವುದೆಂದು ಸಾರಿಸಿದರು. ಊರಿಗೆ ಊರೇ ಪೊರಕೆ ಹಿಡಿಯಿತು. ಕಸವೋ ಗಾಡಿಗಟ್ಟಲೆ! ಮೆರವಣಿಗೆಯಲ್ಲಿ ಕೊಳಕಿನ ರಾಕ್ಷಸ, ಪ್ಲೇಗಿನ ಇಲಿ ಬಂದವು. ಜಾಡಮಾಲಿಗಳು ಶುಭ್ರವಾದ ಬಟ್ಟೆ ತೊಟ್ಟು ಹಾರ ಹಾಕಿಸಿಕೊಂಡು ನಡೆದರು. ಕೊನೆಗೆ ರಾಕ್ಷಸರ ದಹನ, ಜನರಿಗೆ ತುಳಸಿ ಸಸಿಗಳ ಹಂಚಿಕೆ. ಪರದೇಶದವರೊಬ್ಬರು ನಮ್ಮ ಹಬ್ಬವನ್ನು ಇಷ್ಟು ಅರ್ಥಮಾಡಿಕೊಂಡರಲ್ಲ ಎಂದು ನಾವು ಬೆರಗಾಗಬೇಕು.

ಈ ದುಡಿಮೆಗೆ ಅವರು ತೆತ್ತ ಬೆಲೆ ಸಣ್ಣದಲ್ಲ. 1917ರಲ್ಲಿ ಹಿರಿಯ ಮಗ ಅಲಸ್ಟೇರ್ ಫ್ರಾನ್ಸಿನ ರಣರಂಗದಲ್ಲಿ ಮಡಿದ. ಆಗ ಆನಾ ಭಾರತದಲ್ಲೇ ಹಾಸಿಗೆ ಹಿಡಿದಿದ್ದರು. ಗೆಡ್ಡಿಸ್ ಹೆಂಡತಿಗೆ ಆ ಸುದ್ದಿ ತಿಳಿಸದೆ, ಮಗನ ಹಳೆಯ ಕಾಗದಗಳನ್ನೇ ಓದಿ ಹೇಳುತ್ತಿದ್ದರು. ಕೆಲವೇ ವಾರಗಳಲ್ಲಿ ಆಕೆಯೂ ಕಣ್ಣುಮುಚ್ಚಿದರು. ಮಗನ ಸಾವು ಆಕೆಗೆ ತಿಳಿಯಲೇ ಇಲ್ಲ.

ಒಂಟಿಯಾದ ಮುದುಕರು ಕೆಲಸ ನಿಲ್ಲಿಸಲಿಲ್ಲ. 1918ರಲ್ಲಿ ಇಂದೂರಿನ ಎರಡು ಸಂಪುಟಗಳ ವರದಿ ಹೊರಬಂತು. 1919ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯದಲ್ಲಿ ಸಮಾಜಶಾಸ್ತ್ರ ಮತ್ತು ಪೌರಶಾಸ್ತ್ರ ವಿಭಾಗ ತೆರೆದಾಗ ಅದರ ಮೊದಲ ಪ್ರಾಧ್ಯಾಪಕರಾದವರು ಈ ಪದವಿಯಿಲ್ಲದ ಮಹನೀಯರು! ಅವರೇನೂ ಆದರ್ಶ ಉಪನ್ಯಾಸಕರಲ್ಲ. ಮಾತು ಗಡ್ಡದಲ್ಲೇ ಉಳಿಯುತ್ತಿತ್ತು, ವಿಷಯ ಎಲ್ಲೆಲ್ಲಿಗೋ ಹರಿಯುತ್ತಿತ್ತು. ಆದರೆ ಶಿಷ್ಯರನ್ನು ಆರಿಸುವ ಕಣ್ಣಿತ್ತು. ಸಂಸ್ಕೃತದಲ್ಲಿ ಎಂ.ಎ. ಮಾಡಿದ್ದ ಜಿ. ಎಸ್. ಘುರ್ಯೆ ಎಂಬ ತರುಣನಿಂದ ಮುಂಬಯಿ ನಗರವನ್ನು ಕುರಿತು ಪ್ರಬಂಧ ಬರೆಯಿಸಿ, ವಿದ್ಯಾರ್ಥಿವೇತನಕ್ಕೆ ಆರಿಸಿ ಇಂಗ್ಲೆಂಡಿಗೆ ಕಳುಹಿಸಿದರು. ಗೆಡ್ಡಿಸ್ 1924ರಲ್ಲಿ ಹೊರಟಾಗ ವಿಭಾಗ ಘುರ್ಯೆ ಅವರ ಕೈಗೆ ಬಂತು. ಆ ಘುರ್ಯೆ ಅವರ ಶಿಷ್ಯರೇ ನಮ್ಮ ಮೈಸೂರಿನ ಎಂ. ಎನ್. ಶ್ರೀನಿವಾಸ್. ಶ್ರೀನಿವಾಸ್ ಅವರು ವಿ. ಕೆ. ಆರ್. ವಿ. ರಾವ್ ಅವರೊಡನೆ 1972ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆ ಹೆಸರಾದ ಸಂಶೋಧನ ಕೇಂದ್ರ. ಒಬ್ಬೊಬ್ಬರು ತಮ್ಮದೇ ದಾರಿ ಹಿಡಿದರು ನಿಜ. ಆದರೂ ಗುರುಪರಂಪರೆಯ ಎಳೆ ಹೀಗೆ ನಮ್ಮೂರಿಗೂ ಬಂದು ಮುಟ್ಟುತ್ತದೆ.

1925ರಲ್ಲಿ ಟೆಲ್ ಅವೀವ್ ನಗರಕ್ಕೆ ಯೋಜನೆ ಬರೆದರು. ಫ್ರಾನ್ಸಿನ ಮೋಂಪೆಲಿಯೇ ಬಳಿ ಒಂದು ವಿದ್ಯಾರ್ಥಿನಿಲಯ ಕಟ್ಟಿದರು. 1932ರಲ್ಲಿ ಸರ್ ಬಿರುದು ಬಂತು. ಅದೇ ವರ್ಷ ಏಪ್ರಿಲ್ 17ರಂದು ಅಲ್ಲಿಯೇ ತೀರಿಕೊಂಡರು.

ಭಾರತಕ್ಕಾಗಿ ಅವರು ಬರೆದ ವರದಿಗಳಲ್ಲಿ ಬಹುಪಾಲು ಕಾಗದದಲ್ಲೇ ಉಳಿದವು. ಅಷ್ಟರಿಂದ ಅವರ ಬಾಳು ಸೋತಿತೆನ್ನಲು ನಮಗೆ ಮನಸ್ಸಿಲ್ಲ. ನಕ್ಷೆ ಬರೆಯುವ ಮೊದಲು ಸಮೀಕ್ಷೆ ಮಾಡಬೇಕು, ಸಮೀಕ್ಷೆಗೆ ಮೊದಲು ಬೀದಿಯಲ್ಲಿ ನಡೆಯಬೇಕು ಎಂಬ ಅವರ ಕ್ರಮವನ್ನು ಇಂದು ಯೋಜನಾಶಾಸ್ತ್ರದ ವಿದ್ಯಾರ್ಥಿಗಳು ಮೊದಲ ಪಾಠವಾಗಿ ಕಲಿಯುತ್ತಾರೆ. ಈ ಓದಿಗೆ ಹೊರಟ ಮಗನನ್ನೋ ಮಗಳನ್ನೋ ಸಂಬಳವೆಷ್ಟು ಎಂದು ಕೇಳುವ ಹಕ್ಕು ತಾಯಿತಂದೆಯರಿಗೆ ಇದ್ದೇ ಇದೆ. ಅದರ ಜೊತೆಗೆ, ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ಅಜ್ಜಿಯ ಮನೆಯ ಬೀದಿಯಿಂದ ಕೆರೆಯ ಏರಿಯವರೆಗೆ ಒಮ್ಮೆ ಅವರೊಂದಿಗೆ ನಡೆದು ಬರೋಣ. ಏನು ಉಳಿದಿದೆ, ಏನು ಹೋಗಿದೆ, ಯಾಕೆ ಹೋಯಿತು ಎಂದು ಅವರೇ ನಮಗೆ ಬಿಡಿಸಿ ಹೇಳಲಿ.