ಕಡ್ಡಿಗಳನ್ನು ಓರೆಯಾಗಿ ಹೆಣೆದ ಜೇಮ್ಸ್ ಸ್ಟಾರ್ಲಿ

ಮೌಂಟೇನ್ ಬೈಕಿಗೆ ಹೊಸ ಜೋಡಿ ಗಾಲಿ ಕಟ್ಟಿಸಲು ಹೊರಟವರ ಮುಂದೆ ಇಂದು ಆಯ್ಕೆಗಳ ರಾಶಿಯೇ ಬಿದ್ದಿರುತ್ತದೆ. ಹಬ್‌ನ ಅಗಲ ಎಷ್ಟಿರಬೇಕು, ಡಿಸ್ಕ್ ಬ್ರೇಕಿನ ತಟ್ಟೆಯನ್ನು ಆರು ಬೋಲ್ಟುಗಳಿಂದ ಕೂರಿಸುವ ಹಬ್ ಬೇಕೋ ಒಂದೇ ಬಳೆಯಿಂದ ಬಿಗಿಯುವ ಹಬ್ ಬೇಕೋ, ರಿಮ್ ಅಲ್ಯೂಮಿನಿಯಂನದೋ ಕಾರ್ಬನ್ನಿನದೋ, ಕಡ್ಡಿಗಳು 28 ಸಾಕೋ 32 ಇರಬೇಕೋ ಎಂಬ ಚರ್ಚೆಗೆ ಕೊನೆಯಿಲ್ಲ. ಆದರೆ ಒಂದು ವಿಷಯದಲ್ಲಿ ಮಾತ್ರ ಚರ್ಚೆಯೇ ನಡೆಯುವುದಿಲ್ಲ. ಕಡ್ಡಿಗಳು ಹಬ್‌ನಿಂದ ನೆಟ್ಟಗೆ ಹೊರಡದೆ ಓರೆಯಾಗಿ ಹೊರಟು, ಒಂದನ್ನೊಂದು ದಾಟಿಕೊಂಡು ರಿಮ್ ಸೇರಬೇಕೆಂಬುದು ಎಂದೋ ತೀರ್ಮಾನವಾಗಿಹೋದ ಸಂಗತಿ. ಆ ಹೆಣಿಗೆಗೆ 1874ರಲ್ಲಿ ಪೇಟೆಂಟ್ ಪಡೆದಾತ ಇಂಗ್ಲೆಂಡಿನ ಕವೆಂಟ್ರಿ ನಗರದ ಜೇಮ್ಸ್ ಸ್ಟಾರ್ಲಿ. ಶಾಲೆಯ ಓದಿಗಿಂತ ಕೈಕೆಲಸವನ್ನೇ ನಂಬಿ ಬೆಳೆದ, ತೋಟದ ಮಾಲಿಯಾಗಿ ಬದುಕು ಆರಂಭಿಸಿದ ವ್ಯಕ್ತಿ ಈತ.

ಸ್ಟಾರ್ಲಿ ಹುಟ್ಟಿದ್ದು 1830ರ ಏಪ್ರಿಲ್ 21ರಂದು, ದಕ್ಷಿಣ ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದ ಆಲ್‌ಬರ್ನ್ ಎಂಬ ಹಳ್ಳಿಯಲ್ಲಿ. ತಂದೆ ಡೇನಿಯಲ್ ಬೇಸಾಯಗಾರ. ಮಗನಿಗೆ ಹೊಲದ ಕೆಲಸ ಹಿಡಿಸಲಿಲ್ಲ. ಮೀಸೆ ಮೂಡುವ ಮೊದಲೇ ಮನೆ ಬಿಟ್ಟು ಓಡಿದ ಹುಡುಗ ಲಂಡನ್ ಸಮೀಪದ ಲೂಯಿಷಮ್‌ನಲ್ಲಿ ಜಾನ್ ಪೆನ್ ಎಂಬ ಶ್ರೀಮಂತನ ತೋಟಕ್ಕೆ ಸೇರಿದ. ಇಲ್ಲಿ ಅದೃಷ್ಟವೂ ಕೈಹಿಡಿಯಿತೆನ್ನಬೇಕು. ಪೆನ್ ಬರಿಯ ಶ್ರೀಮಂತನಲ್ಲ, ಹಡಗುಗಳಿಗೆ ಉಗಿ ಎಂಜಿನ್ ತಯಾರಿಸುವುದರಲ್ಲಿ ಹೆಸರಾದ ಯಂತ್ರಶಿಲ್ಪಿ. ಬಿಡುವಿನಲ್ಲಿ ಗಡಿಯಾರಗಳನ್ನು ಬಿಚ್ಚಿ ರಿಪೇರಿ ಮಾಡುತ್ತಿದ್ದ ಮಾಲಿಯ ಕೈಚಳಕ ಅಂಥವನ ಕಣ್ಣಿಗೆ ಬೀಳದೆ ಇರುವುದು ಸಾಧ್ಯವಿರಲಿಲ್ಲ.

ಆ ಕಾಲಕ್ಕೆ ಹೊಲಿಗೆ ಯಂತ್ರ ದುಬಾರಿಯಾದ, ಅಪರೂಪದ ವಸ್ತು. ಪೆನ್ ಪತ್ನಿಗಾಗಿ ತರಿಸಿದ್ದ ಯಂತ್ರ ಕೆಟ್ಟು ಕೂತಾಗ ಸ್ಟಾರ್ಲಿ ಅದನ್ನು ಸರಿಪಡಿಸಿದ್ದಲ್ಲದೆ ಸುಧಾರಿಸಿಯೂ ಕೊಟ್ಟ. ಯಂತ್ರದ ತಯಾರಕರಲ್ಲಿ ಪಾಲುದಾರನಾಗಿದ್ದ ಜೊಸಾಯಾ ಟರ್ನರ್ ಪೆನ್‌ಗೆ ಪರಿಚಿತ. ಹೀಗೆ 1859ರಲ್ಲಿ ತೋಟದ ಮಾಲಿ ಲಂಡನ್ನಿನ ಹೋಬರ್ನ್‌ನಲ್ಲಿದ್ದ ಹೊಲಿಗೆ ಯಂತ್ರದ ಕಾರ್ಖಾನೆಗೆ ಕಾಲಿಟ್ಟ. ಎರಡು ವರ್ಷ ಕಳೆಯುವಷ್ಟರಲ್ಲಿ ಟರ್ನರ್ ಮತ್ತು ಸ್ಟಾರ್ಲಿ ಸ್ವಂತ ಉದ್ಯಮ ಹೂಡಲು ಕವೆಂಟ್ರಿಗೆ ತೆರಳಿದರು.

ಕವೆಂಟ್ರಿ ಆಗ ಸಂಕಟದಲ್ಲಿದ್ದ ಊರು. ರೇಷ್ಮೆ ರಿಬ್ಬನ್ ನೇಯ್ಗೆಯನ್ನೇ ನಂಬಿದ್ದ ಸಾವಿರಾರು ಕುಟುಂಬಗಳು 1860ರಲ್ಲಿ ಫ್ರಾನ್ಸಿನೊಡನೆ ಆದ ವ್ಯಾಪಾರ ಒಪ್ಪಂದದಿಂದಾಗಿ ಬೀದಿಗೆ ಬಿದ್ದಿದ್ದವು. ಫ್ರೆಂಚ್ ರಿಬ್ಬನ್ ಸುಂಕವಿಲ್ಲದೆ ಒಳಬಂದೊಡನೆ ಸ್ಥಳೀಯ ಮಗ್ಗಗಳು ಸದ್ದಡಗಿದವು. ಸೂಕ್ಷ್ಮ ಕೆಲಸ ಬಲ್ಲ ಕೈಗಳು ಬೇಕಾದಷ್ಟಿದ್ದವು, ಕೆಲಸವಿರಲಿಲ್ಲ. ಹೊಸ ಕಾರ್ಖಾನೆಗೆ ಇದಕ್ಕಿಂತ ಅನುಕೂಲದ ಜಾಗ ಸಿಗುವುದು ಕಷ್ಟವಿತ್ತು.

1868ರಲ್ಲಿ ಟರ್ನರನ ಸಂಬಂಧಿ ರೌಲಿ ಟರ್ನರ್ ಪ್ಯಾರಿಸ್ಸಿನಿಂದ ವೆಲೋಸಿಪೀಡ್ ಎಂಬ ದ್ವಿಚಕ್ರಿಯೊಂದನ್ನು ಕಾರ್ಖಾನೆಗೆ ತಂದು ಅಂಥದೇ 400 ಗಾಡಿಗಳನ್ನು ಫ್ರಾನ್ಸಿಗೆ ಮಾಡಿಕೊಡುವ ಪ್ರಸ್ತಾಪ ಮುಂದಿಟ್ಟ. ಹೊಲಿಗೆ ಯಂತ್ರದ ಕಂಪನಿ ಕವೆಂಟ್ರಿ ಮೆಷಿನಿಸ್ಟ್ಸ್ ಕಂಪನಿಯಾಗಿ ಹೆಸರು ಬದಲಾಯಿಸಿಕೊಂಡಿತು. ಆದರೆ 1870ರಲ್ಲಿ ಫ್ರಾನ್ಸ್ ಮತ್ತು ಪ್ರಷ್ಯಾಗಳ ನಡುವೆ ಯುದ್ಧ ಹೊತ್ತಿಕೊಂಡು ಆ ಮಾರುಕಟ್ಟೆ ಮುಚ್ಚಿಹೋಯಿತು. ಗಾಡಿಗಳನ್ನು ಇಂಗ್ಲೆಂಡಿನಲ್ಲೇ ಮಾರಬೇಕಾಯಿತು. ಮಾರಬೇಕಾದರೆ ಅವು ಸವಾರನ ಮೂಳೆ ಮುರಿಯದಂತಿರಬೇಕಿತ್ತು. ಮರದ ಗಾಲಿ, ಅದಕ್ಕೆ ಕಬ್ಬಿಣದ ಪಟ್ಟಿ, ಕಲ್ಲುಹಾಸಿನ ರಸ್ತೆ. ಇಂಗ್ಲಿಷರು ಆ ವಾಹನಕ್ಕೆ ಎಲುಬು ಕುಲುಕುವ ಗಾಡಿಯೆಂದೇ ಅಡ್ಡಹೆಸರಿಟ್ಟಿದ್ದರು.

ಸ್ಟಾರ್ಲಿಯ ನಿಜವಾದ ಸಾಹಸ ಆರಂಭವಾಗುವುದು ಇಲ್ಲಿಂದ. ವೆಲೋಸಿಪೀಡಿನ ಪೆಡಲುಗಳು ಮುಂದಿನ ಗಾಲಿಯ ಹಬ್‌ಗೇ ಜೋಡಿಸಲ್ಪಟ್ಟಿದ್ದವು. ಚೈನು, ಹಲ್ಲುಗಾಲಿಗಳ ಏರ್ಪಾಟು ಇರಲಿಲ್ಲ. ಪೆಡಲು ಒಂದು ಸುತ್ತು ಬಂದರೆ ಗಾಲಿಯೂ ಒಂದೇ ಸುತ್ತು. 36 ಅಂಗುಲ ವ್ಯಾಸದ ಗಾಲಿಯಾದರೆ ಸುತ್ತಿಗೆ ಮೂರು ಮೀಟರಿಗೂ ತುಸು ಕಡಿಮೆ ದೂರ ಸಾಗುತ್ತದೆ; 50 ಅಂಗುಲದ್ದಾದರೆ ಸುಮಾರು ನಾಲ್ಕು ಮೀಟರ್. ವೇಗ ಬೇಕಾದರೆ ಗಾಲಿ ದೊಡ್ಡದಾಗಲೇಬೇಕು. ದೊಡ್ಡ ಗಾಲಿಯನ್ನು ಮರದಲ್ಲಿ ಕಟ್ಟಿದರೆ ತುಳಿಯುವವನಿಗೆ ಅದರ ಭಾರವೇ ಶಿಕ್ಷೆ.

ಎತ್ತಿನ ಗಾಡಿಯ ಗಾಲಿಯನ್ನು ಕಂಡವರಿಗೆ ಈ ತೊಡಕು ಸುಲಭವಾಗಿ ಅರ್ಥವಾದೀತು. ಅದರಲ್ಲಿ ಗಾಡಿಯ ಹೊರೆಯೆಲ್ಲ ಅಚ್ಚಿನ ಕೆಳಗಿರುವ ಒಂದೆರಡು ಮರದ ಅರಗಳ ಮೇಲೆ ಕಂಬದ ಮೇಲಿನ ತೊಲೆಯಂತೆ ಕೂರುತ್ತದೆ. ಆದ್ದರಿಂದ ಪ್ರತಿಯೊಂದು ಅರವೂ ದಪ್ಪವಾಗಿರಲೇಬೇಕು. ತೆಳುವಾದ ತಂತಿಯನ್ನು ಆ ಜಾಗದಲ್ಲಿಟ್ಟರೆ ಬಾಗಿಹೋಗುತ್ತದೆ. ಬಾವಿಯ ಹಗ್ಗ ಕೊಡವನ್ನು ಎಳೆದೀತೇ ಹೊರತು ತಳ್ಳಲಾರದು. ತಂತಿಯದೂ ಅದೇ ಸ್ವಭಾವ. ಆದರೆ ತಂತಿಗಳನ್ನೆಲ್ಲ ಮೊದಲೇ ಬಲವಾಗಿ ಎಳೆದು ಬಿಗಿದಿಟ್ಟರೆ ಲೆಕ್ಕ ಬದಲಾಗುತ್ತದೆ. ಹೊರೆ ಬಿದ್ದಾಗ ಕೆಳಗಿನ ತಂತಿಗಳ ಬಿಗಿತ ಒಂದಿಷ್ಟು ಇಳಿಯುತ್ತದೆಯಷ್ಟೆ, ಪೂರ್ತಿ ಸಡಿಲವಾಗುವುದಿಲ್ಲ. ಯಾವ ತಂತಿಗೂ ತಳ್ಳುವ ಕೆಲಸ ಬೀಳುವುದೇ ಇಲ್ಲ. ಕೈಬೆರಳಿಗಿಂತ ಎಷ್ಟೋ ಸಪೂರವಾದ ಉಕ್ಕಿನ ಕಡ್ಡಿಗಳ ಮೇಲೆ ದಢೂತಿ ಮನುಷ್ಯ ಧೈರ್ಯವಾಗಿ ಕೂರಬಹುದು.

ಈ ಕಲ್ಪನೆ ಸ್ಟಾರ್ಲಿಯ ಸ್ವಂತದ್ದಲ್ಲ ಎಂಬುದನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕು. ಹಾರುವ ಯಂತ್ರದ ಕನಸು ಕಂಡಿದ್ದ ಜಾರ್ಜ್ ಕೇಲಿ 1808ರಲ್ಲೇ ಇಂಥ ಗಾಲಿಯನ್ನು ಯೋಚಿಸಿದ್ದ. ಪ್ಯಾರಿಸ್ಸಿನ ಯೂಜೀನ್ ಮೇಯರ್ 1869ರಲ್ಲಿ ತಂತಿ ಕಡ್ಡಿಗಳ ಸೈಕಲ್ ಗಾಲಿಗೆ ಪೇಟೆಂಟ್ ಪಡೆದಿದ್ದ. ಇಂಗ್ಲಿಷ್ ಪುಸ್ತಕಗಳು ಬಹುಕಾಲ ಮೇಯರನನ್ನು ಮರೆತು ಇಡೀ ಕೀರ್ತಿಯನ್ನು ಕವೆಂಟ್ರಿಗೇ ಬರೆದುಕೊಟ್ಟಿದ್ದು ನ್ಯಾಯವಲ್ಲ. ಸ್ಟಾರ್ಲಿಯ ದೊಡ್ಡತನವಿರುವುದು ಆ ಗಾಲಿಯಲ್ಲಿ ಉಳಿದಿದ್ದ ಇನ್ನೊಂದು ತೊಡಕನ್ನು ಬಿಡದೆ ಬೆನ್ನುಹತ್ತಿದುದರಲ್ಲಿ.

ಹಬ್‌ನಿಂದ ರಿಮ್ಮಿಗೆ ನೆಟ್ಟಗೆ ಹಾಯುವ ಕಡ್ಡಿಗಳು ಹೊರೆಯನ್ನೇನೋ ಹೊರುತ್ತವೆ. ಆದರೆ ಪೆಡಲು ತುಳಿದಾಗ ಹಬ್ ತಿರುಗುತ್ತದೆ, ನೆಲವನ್ನು ಕಚ್ಚಿಕೊಂಡ ರಿಮ್ ಹಿಂದುಳಿಯುತ್ತದೆ. ನೆಟ್ಟಗಿರುವ ಕಡ್ಡಿಗಳಿಗೆ ಈ ತಿರುಚನ್ನು ತಡೆಯುವ ಶಕ್ತಿಯಿಲ್ಲ. ಅವು ಓರೆಯಾಗುವ ತನಕ ಹಬ್ ತನ್ನ ಪಾಡಿಗೆ ಜರುಗುತ್ತದೆ. 1870ರ ಆಗಸ್ಟ್ 11ರಂದು ವಿಲಿಯಂ ಹಿಲ್‌ಮನ್ ಜೊತೆ ಸೇರಿ ಪೇಟೆಂಟ್ ಪಡೆದ ಏರಿಯಲ್ ಸೈಕಲ್ಲಿನಲ್ಲಿ ಸ್ಟಾರ್ಲಿ ಇದಕ್ಕೊಂದು ಜಾಣ ಉಪಾಯ ಹೂಡಿದ. ಹಬ್‌ಗೆ ಎರಡು ಸನ್ನೆಕೋಲುಗಳನ್ನು ಕೂರಿಸಿ ಅವುಗಳ ತುದಿಯನ್ನು ರಿಮ್ಮಿಗೆ ಬಿಗಿದ. ಆ ತುದಿಗಳನ್ನು ಎಳೆದರೆ ಹಬ್ ಒಂದಿಷ್ಟು ತಿರುಗಿ ಕಡ್ಡಿಗಳೆಲ್ಲ ಒಂದೇ ಸಲಕ್ಕೆ ಬಿಗಿಯಾಗುತ್ತಿದ್ದವು. ತುಳಿತದ ಬಲವನ್ನು ರಿಮ್ಮಿಗೆ ಮುಟ್ಟಿಸುವ ಹೊಣೆಯೂ ಆ ಕೋಲುಗಳದೇ.

ಏರಿಯಲ್ಲಿನ ಪ್ರಚಾರಕ್ಕಾಗಿ ಹಿಲ್‌ಮನ್ ಮತ್ತು ಸ್ಟಾರ್ಲಿ ಲಂಡನ್ನಿನಿಂದ ಕವೆಂಟ್ರಿಯವರೆಗೆ, ಅಂದರೆ 96 ಮೈಲಿಗಳನ್ನು, ಒಂದೇ ದಿನದಲ್ಲಿ ತುಳಿದರೆಂಬ ಕಥೆ ಪ್ರಚಲಿತವಾಗಿದೆ. ನಲವತ್ತು ದಾಟಿದ, ಸ್ಥೂಲಕಾಯದ ಸ್ಟಾರ್ಲಿಗೆ ಅದು ಸಾಮಾನ್ಯ ಶ್ರಮವಲ್ಲ. ಗಾಡಿ ಜನಪ್ರಿಯವೂ ಆಯಿತು. ಆದರೂ ಗಾಲಿಯನ್ನು ಕಟ್ಟಿದಾತನಿಗೆ ಅದು ಸಾಲದೆನಿಸಿತು. ಕಡ್ಡಿಗಳು ಮಾಡಬೇಕಾದ ಕೆಲಸಕ್ಕೆ ಬೇರೆ ಕೋಲುಗಳೇಕೆ ಎಂಬುದೇ ಅವನ ಮುಂದಿದ್ದ ಪ್ರಶ್ನೆ. ಎಲ್ಲ ಕಡ್ಡಿಗಳೂ ಒಟ್ಟಿಗೇ ಬಿಗಿಯಾಗುವ ಏರ್ಪಾಟಿನಲ್ಲಿ ಗಾಲಿ ಒಂದು ಕಡೆ ವಾಲಿದರೆ ಅಲ್ಲಿನ ಎರಡು ಕಡ್ಡಿಗಳನ್ನಷ್ಟೇ ತಿದ್ದುವುದೂ ಸುಲಭವಲ್ಲ.

1874ರ ಪೇಟೆಂಟಿನಲ್ಲಿ ಉತ್ತರ ಸಿಕ್ಕಿತು. ಕಡ್ಡಿಗಳು ಹಬ್‌ನ ಅಂಚನ್ನು ಸವರಿಕೊಂಡು ಓರೆಯಾಗಿ ಹೊರಡುತ್ತವೆ. ಅರ್ಧದಷ್ಟು ಮುಂದಕ್ಕೆ ವಾಲಿದರೆ ಇನ್ನರ್ಧ ಹಿಂದಕ್ಕೆ ವಾಲುತ್ತವೆ. ತುಳಿದಾಗ ಒಂದು ತಂಡ ಹೆಚ್ಚು ಬಿಗಿಯಾಗುತ್ತದೆ, ಇನ್ನೊಂದು ತುಸು ಸಡಿಲಗೊಳ್ಳುತ್ತದೆ. ಹಬ್‌ನ ತಿರುಚು ಎಳೆತವಾಗಿ ಬದಲಾಗಿ ರಿಮ್ ತಲುಪುತ್ತದೆ. ಸನ್ನೆಕೋಲುಗಳು ಬೇಡವಾದವು. ಬೀದಿ ಬದಿಯ ಸೈಕಲ್ ಶಾಪಿನಲ್ಲಿ ಗಾಲಿಯ ಬೆಂಡು ತೆಗೆಯುವವನು ನಿಪ್ಪಲ್ ಕೀಲಿ ಹಿಡಿದು ಒಂದೊಂದೇ ಕಡ್ಡಿಯನ್ನು ಮುಟ್ಟಿ ನೋಡುತ್ತ ತಿರುವುವುದು ಈ ವಂಶದ ಗಾಲಿಯನ್ನೇ.

ಮೌಂಟೇನ್ ಬೈಕಿನ ಮಟ್ಟಿಗೆ ಇದಕ್ಕೆ ವಿಶೇಷ ಅರ್ಥವಿದೆ. ಚೈನು ಬಂದು ಹಿಂದಿನ ಗಾಲಿಯನ್ನು ಓಡಿಸತೊಡಗಿದ ಮೇಲೆ ಮುಂದಿನ ಹಬ್‌ಗೆ ತಿರುಚಿನ ಕಾಟ ತಪ್ಪಿತ್ತು. ಬಹುಪಾಲು ಸೈಕಲ್ಲುಗಳ ಬ್ರೇಕು ರಿಮ್ಮನ್ನೇ ಹಿಡಿಯುತ್ತಿದ್ದುದರಿಂದ ಮುಂದಿನ ಗಾಲಿಗೆ ನೆಟ್ಟಗಿನ ಕಡ್ಡಿಗಳನ್ನು ಹಾಕಿದರೂ ನಡೆಯುತ್ತಿತ್ತು. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಯುವಕರು ಹಳೆಯ ಸೈಕಲ್ಲುಗಳನ್ನೇರಿ ಟಾಮಲ್‌ಪೈಸ್ ಬೆಟ್ಟದ ಆಸುಪಾಸಿನ ಮಣ್ಣುದಾರಿಗಳಲ್ಲಿ ಧುಮುಕತೊಡಗಿದಾಗ ಹಿಂದಿನ ಹಬ್‌ನೊಳಗಿನ ಬ್ರೇಕು ಕಾದು ಗ್ರೀಸ್ ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಸಲವೂ ಹಬ್ ಬಿಚ್ಚಿ ಗ್ರೀಸ್ ತುಂಬಬೇಕಾಗಿದ್ದರಿಂದಲೇ ಅಲ್ಲಿನ ಒಂದು ಇಳಿಜಾರಿಗೆ ರೀಪ್ಯಾಕ್ ಎಂಬ ಹೆಸರು ಬಂತು. ಮುಂದೆ ಡಿಸ್ಕ್ ಬ್ರೇಕುಗಳು ಬಂದಾಗ ಮುಂದಿನ ಹಬ್‌ಗೆ ತಿರುಚು ಮರಳಿ ಬಂತು. ಬ್ರೇಕು ಹಿಡಿಯುವುದು ಹಬ್‌ನ ತಟ್ಟೆಯನ್ನು, ನಿಲ್ಲಬೇಕಾದುದು ಟೈರು. ನಡುವೆ ಬಲವನ್ನು ಸಾಗಿಸಲು ಕಡ್ಡಿಗಳಲ್ಲದೆ ಬೇರೇನೂ ಇಲ್ಲ. ಏರಿಯಲ್ ಸವಾರನ ಪಾದ ಹುಟ್ಟಿಸುತ್ತಿದ್ದ ತೊಡಕನ್ನೇ ಈಗ ಕೈಬೆರಳಿನ ಬ್ರೇಕು ತಿರುಗುಮುರುಗಾಗಿ ಹುಟ್ಟಿಸುತ್ತದೆ. 32 ಕಡ್ಡಿಗಳ ಗಾಲಿಯಲ್ಲಿ ಪ್ರತಿ ಕಡ್ಡಿಯೂ ಮೂರನ್ನು ದಾಟಿ ರಿಮ್ ಸೇರುವುದು ಈ ಕಾರಣಕ್ಕೆ. ಮುಂದೆ 110, ಹಿಂದೆ 148 ಮಿಲಿಮೀಟರಿನ ಅಗಲ ಹಬ್‌ಗಳು ಬಂದಿರುವುದು ಬೇರೊಂದು ಅಗತ್ಯದಿಂದ: ಹಬ್‌ನ ಎರಡು ಅಂಚುಗಳು ದೂರವಾದಷ್ಟೂ ಕಡ್ಡಿಗಳು ಅಗಲಕ್ಕೆ ಚಾಚಿ, 29 ಅಂಗುಲದ ದೊಡ್ಡ ಗಾಲಿ ಬಂಡೆಗಳ ನಡುವೆ ಪಕ್ಕಕ್ಕೆ ಬಾಗುವುದು ಕಡಿಮೆಯಾಗುತ್ತದೆ.

ಎತ್ತರದ ಗಾಲಿಯನ್ನು ಹಗುರಗೊಳಿಸಿದ ಸ್ಟಾರ್ಲಿಗೆ ಅದರ ಅಪಾಯವೂ ಗೊತ್ತಿತ್ತು. ಸಣ್ಣ ಕಲ್ಲು ಅಡ್ಡ ಬಂದರೂ ಸವಾರ ತಲೆಕೆಳಗಾಗಿ ಬೀಳುತ್ತಿದ್ದ. ಮಹಿಳೆಯರು, ವಯಸ್ಸಾದವರು ಅದನ್ನು ಹತ್ತುವ ಮಾತೇ ಇರಲಿಲ್ಲ. 1876ರಿಂದ ಆತನ ಗಮನ ತ್ರಿಚಕ್ರಿಗಳ ಕಡೆ ತಿರುಗಿತು. ಮಗನೊಡನೆ ಅಕ್ಕಪಕ್ಕ ಕುಳಿತು ತುಳಿಯುವ ಗಾಡಿಯೊಂದನ್ನು ಪರೀಕ್ಷಿಸುವಾಗ ಹರೆಯದ ಮಗನ ತುಳಿತ ಜೋರಾಗಿ ಗಾಡಿ ದಾರಿ ಬಿಟ್ಟು ತುರಿಕೆ ಗಿಡಗಳ ಪೊದೆಗೆ ನುಗ್ಗಿತೆಂದೂ, ಎರಡು ಗಾಲಿಗಳಿಗೆ ಬಲವನ್ನು ಹಂಚುವ ಡಿಫರೆನ್ಷಿಯಲ್ ಗೇರು ಆತನಿಗೆ ಹೊಳೆದದ್ದು ಆಗಲೇ ಎಂದೂ ಹೇಳುತ್ತಾರೆ. ಆ ಗೇರಿನ ತತ್ತ್ವ ಹಿಂದೆಯೇ ತಿಳಿದಿತ್ತಾದರೂ 1877ರಲ್ಲಿ ಅದನ್ನು ತುಳಿಯುವ ಗಾಡಿಗೆ ಅಳವಡಿಸಿದ ಶ್ರೇಯ ಸ್ಟಾರ್ಲಿಯದು. ಸಾಲ್ವೋ ಎಂಬ ಆತನ ಗಾಡಿಯನ್ನು ಮೆಚ್ಚಿ ವಿಕ್ಟೋರಿಯಾ ರಾಣಿ ಎರಡನ್ನು ತರಿಸಿಕೊಂಡರು. ಸಸೆಕ್ಸ್‌ನ ಬೇಸಾಯಗಾರನ ಮಗ ಅವನ್ನು ಒಪ್ಪಿಸಲು ವೈಟ್ ದ್ವೀಪದ ಆಸ್ಬೋರ್ನ್ ಅರಮನೆಗೆ ಹೋಗಿ ಬಂದ.

ಆ ವೈಭವವನ್ನು ಅನುಭವಿಸಲು ಹೆಚ್ಚು ಕಾಲ ಉಳಿದಿರಲಿಲ್ಲ. ಕ್ಯಾನ್ಸರ್‌ಗೆ ತುತ್ತಾಗಿ 1881ರ ಜೂನ್ 17ರಂದು, 51ನೆಯ ವಯಸ್ಸಿನಲ್ಲಿ ಸ್ಟಾರ್ಲಿ ತೀರಿಕೊಂಡ. 1884ರಲ್ಲಿ ಕವೆಂಟ್ರಿಯ ಜನ ಅವನಿಗೊಂದು ಸ್ಮಾರಕ ಕಟ್ಟಿಸಿದರು. ಅದು ಇಂದಿಗೂ ಆ ಊರಿನ ಗ್ರೇಫ್ರೈಯರ್ಸ್ ಗ್ರೀನ್ ಎಂಬ ಹಸಿರು ಮೈದಾನದಲ್ಲಿದೆ.

ಮರುವರ್ಷವೇ ಅಣ್ಣತಮ್ಮಂದಿರ ಮಕ್ಕಳಲ್ಲೊಬ್ಬನಾದ, ಅವನ ಬಳಿಯೇ ಕೆಲಸ ಕಲಿತಿದ್ದ ಜಾನ್ ಕೆಂಪ್ ಸ್ಟಾರ್ಲಿ ರೋವರ್ ಎಂಬ ತಗ್ಗಿನ ಸೈಕಲ್ಲನ್ನು ಹೊರತಂದ. ಹೆಚ್ಚುಕಡಿಮೆ ಸಮನಾದ ಎರಡು ಗಾಲಿಗಳು, ಹಿಂದಿನ ಗಾಲಿಗೆ ಚೈನು. ಚಿಕ್ಕಪ್ಪ ಹಗುರಗೊಳಿಸಿದ ಎತ್ತರದ ಗಾಲಿ ಕೆಲವೇ ವರ್ಷಗಳಲ್ಲಿ ರಸ್ತೆಯಿಂದ ಮರೆಯಾಯಿತು. ಏರಿಯಲ್ ಪೇಟೆಂಟಿನ ಪಾಲುದಾರ ಹಿಲ್‌ಮನ್ ಮುಂದೆ ಮೋಟಾರು ಕಾರುಗಳ ತಯಾರಕನಾದ. ರೋವರ್ ಕಂಪನಿಯೂ 1904ರಲ್ಲಿ ಕಾರಿನ ಕಡೆಗೆ ಹೊರಳಿತು. ಪೋಲೆಂಡಿನ ಜನ ಮಾತ್ರ ಇಂದಿಗೂ ಸೈಕಲ್ಲಿಗೆ ರೋವೆರ್ ಎಂದೇ ಹೇಳುತ್ತಾರೆ.