ಸ್ಟೆಫಾನ್ ಲೆಡ್ಯುಕ್

ಸ್ಟೆಫಾನ್ ಲೆಡ್ಯುಕ್ (1853–1939) ಫ್ರಾನ್ಸಿನ ವೈದ್ಯ ಮತ್ತು ಜೀವಭೌತವಿಜ್ಞಾನಿ. ಲವಣದ ಹರಳುಗಳಿಂದ ಗಿಡ, ಅಣಬೆ, ಚಿಪ್ಪುಗಳಂತೆ ತಾವಾಗಿಯೇ ಬೆಳೆಯುವ ಖನಿಜ ರಚನೆಗಳನ್ನು ಪಡೆದು, ಜೀವವೂ ಇಂಥ ಭೌತ-ರಾಸಾಯನಿಕ ಕ್ರಿಯೆಗಳಿಂದಲೇ ಉದಯಿಸಿರಬೇಕೆಂದು ವಾದಿಸಿದವರಲ್ಲಿ ಈತ ಪ್ರಮುಖ.

ಜೀವನ

ಲೆಡ್ಯುಕ್ ನಾಂತ್ ನಗರದಲ್ಲಿ ಜನಿಸಿ, ಅಲ್ಲಿನ ವೈದ್ಯಕೀಯ ಶಾಲೆಯಲ್ಲಿ ಪ್ರಾಧ್ಯಾಪಕನಾದ. ಮೊದಲು ಹೆಸರು ಬಂದದ್ದು ವಿದ್ಯುತ್ ಚಿಕಿತ್ಸೆಯಿಂದ. ಎರಡು ಮೊಲಗಳನ್ನು ಒಂದೇ ವಿದ್ಯುನ್ಮಂಡಲದಲ್ಲಿ ಜೋಡಿಸಿ, ವಿಷದ ಅಯಾನುಗಳು ವಿದ್ಯುತ್ ಪ್ರವಾಹದ ಬಲದಿಂದ ಚರ್ಮವನ್ನು ದಾಟಿ ದೇಹವನ್ನು ಸೇರುತ್ತವೆಂದು ತೋರಿಸಿದ. ಬಿಟ್ಟುಬಿಟ್ಟು ಹರಿಯುವ ಪ್ರವಾಹದಿಂದ ಪ್ರಜ್ಞೆ ತಪ್ಪಿಸುವ ಪ್ರಯೋಗಕ್ಕೆ ತನ್ನನ್ನೇ ಒಡ್ಡಿಕೊಂಡದ್ದೂ ಉಂಟು.

ಖನಿಜದ ತೋಟ

ಇಂಥ ರಚನೆಗಳು ಲೆಡ್ಯುಕ್‌ನ ಶೋಧವಲ್ಲ. 17ನೆಯ ಶತಮಾನದಲ್ಲಿ ಗ್ಲೌಬರ್ ಇವನ್ನು ವರ್ಣಿಸಿದ್ದ. 1860ರ ದಶಕದಲ್ಲಿ ಮೋರಿಟ್ಸ್ ಟ್ರೌಬೆ ಕೃತಕ ಕೋಶಪೊರೆಗಳನ್ನು ತಯಾರಿಸಿದ್ದ. ಲೆಡ್ಯುಕ್ ಅವನ್ನು ಜೀವಶಾಸ್ತ್ರದ ಪ್ರಶ್ನೆಯನ್ನಾಗಿ ಮಾಡಿದ. ಮೈಲುತುತ್ತ ಮತ್ತು ಸಕ್ಕರೆ ಬೆರೆಸಿದ ಸಣ್ಣ ಗುಳಿಗೆಯೇ ಆತನ ‘ಬೀಜ’. ಅದನ್ನು ಪೊಟ್ಯಾಸಿಯಮ್ ಫೆರೋಸಯನೈಡ್, ಉಪ್ಪು ಹಾಗೂ ಜೆಲಟಿನ್ ಇರುವ ದ್ರಾವಣಕ್ಕೆ ಹಾಕಿದರೆ ಸುತ್ತಲೂ ತೆಳುವಾದ ಪೊರೆ ಮೂಡುತ್ತದೆ. ಈ ಪೊರೆ ನೀರನ್ನು ಒಳಗೆ ಬಿಡುತ್ತದೆ, ಕರಗಿದ ಸಕ್ಕರೆಯನ್ನು ಹೊರಗೆ ಬಿಡುವುದಿಲ್ಲ. ಅಭಿಸರಣೆಯ ಒತ್ತಡಕ್ಕೆ ಪೊರೆ ಉಬ್ಬಿ ಒಡೆಯುತ್ತದೆ. ಒಡೆದಲ್ಲಿ ಚಿಮ್ಮಿದ ದ್ರವದ ಸುತ್ತ ಹೊಸ ಪೊರೆ ಕಟ್ಟಿಕೊಳ್ಳುತ್ತದೆ. ಹೀಗೆ ಕಾಂಡ, ಕವಲು, ಎಲೆಯಂಥ ಹರವು ಮೂಡುತ್ತವೆ. ಗಾಯವಾದರೆ ಪೊರೆ ಮತ್ತೆ ಕೂಡಿಕೊಳ್ಳುತ್ತದೆ. ಪೋಷಣೆ, ಬೆಳವಣಿಗೆ, ಅಂಗರಚನೆ ಇವೆಲ್ಲವನ್ನೂ ಲೆಡ್ಯುಕ್ ಇದರಲ್ಲಿ ಕಂಡ.

ವಿರೋಧ

ಜೀವವು ನಿರ್ಜೀವದಿಂದ ತಾನಾಗಿ ಹುಟ್ಟುತ್ತದೆಂಬ ವಾದವನ್ನು ಪಾಶ್ಚರ್ 1860ರ ದಶಕದಲ್ಲಿ ಸೋಲಿಸಿದ್ದ ದೇಶವದು. ಆ ಹಳೆಯ ವಿವಾದದ ವಾಸನೆ ಬಂದದ್ದರಿಂದ ಫ್ರೆಂಚ್ ವಿಜ್ಞಾನ ಅಕಾಡೆಮಿ 1907ರಲ್ಲಿ ಲೆಡ್ಯುಕ್‌ನ ವರದಿಗಳನ್ನು ತನ್ನ ಪತ್ರಿಕೆಯಿಂದ ಹೊರಗಿಟ್ಟಿತು. ಆತ ಪುಸ್ತಕಗಳ ಮೂಲಕ ಓದುಗರನ್ನು ತಲುಪಿದ. 1911ರಲ್ಲಿ ಇಂಗ್ಲಿಷ್ ಅನುವಾದ ಬಂತು. 1912ರ ಗ್ರಂಥಕ್ಕೆ ‘ಸಂಶ್ಲೇಷಿತ ಜೀವವಿಜ್ಞಾನ’ ಎಂಬರ್ಥದ ಹೆಸರಿಟ್ಟ. ಇಂದು ಅದೇ ಹೆಸರಿನಲ್ಲಿ ನಡೆಯುವ ತಳಿವಿಜ್ಞಾನದ ಕೆಲಸಕ್ಕೂ ಆ ಗ್ರಂಥಕ್ಕೂ ನೇರ ಸಂಬಂಧ ಕಡಿಮೆ.

ಆಕ್ಷೇಪ ಕೇವಲ ಪೂರ್ವಗ್ರಹವಾಗಿರಲಿಲ್ಲ. ಆಕಾರದ ಹೋಲಿಕೆಯಿಂದ ಕಾರಣದ ಹೋಲಿಕೆ ಸಿದ್ಧವಾಗದು. ಖನಿಜದ ಗಿಡಕ್ಕೆ ಆನುವಂಶಿಕತೆಯಿಲ್ಲ. ಬೀಜದ ಲವಣ ಮುಗಿದಾಗ ಬೆಳವಣಿಗೆಯೂ ನಿಲ್ಲುತ್ತದೆ. ತಳಿವಿಜ್ಞಾನ ಮತ್ತು ಜೀವರಸಾಯನವಿಜ್ಞಾನ ಬೆಳೆದಂತೆ ಲೆಡ್ಯುಕ್‌ನ ಪ್ರಯೋಗಗಳು ಮರೆಗೆ ಸರಿದವು.

ನಂತರದ ಆಸಕ್ತಿ

2000ದಲ್ಲಿ ಅಟ್ಲಾಂಟಿಕ್ ಸಾಗರತಳದಲ್ಲಿ ‘ಲಾಸ್ಟ್ ಸಿಟಿ’ ಎಂಬ ಕ್ಷಾರೀಯ ಬಿಸಿನೀರ ಬುಗ್ಗೆಗಳ ಪ್ರದೇಶ ಪತ್ತೆಯಾಯಿತು. ಇಂಥ ಬುಗ್ಗೆಗಳ ಖನಿಜ ಗೋಪುರಗಳಲ್ಲಿರುವ ಸೂಕ್ಷ್ಮರಂಧ್ರಗಳ ಗೋಡೆಗಳ ಎರಡು ಬದಿಗಳ ಆಮ್ಲೀಯತೆಯ ವ್ಯತ್ಯಾಸವೇ ಮೊದಲ ಜೀವಿಗಳಿಗೆ ಶಕ್ತಿ ಒದಗಿಸಿರಬಹುದೆಂದು ಮೈಕೆಲ್ ರಸೆಲ್ ಮೊದಲಾದವರು ಪ್ರತಿಪಾದಿಸಿದ್ದಾರೆ. ಇದರಿಂದಾಗಿ ಸ್ವಯಂ ಬೆಳೆಯುವ ಖನಿಜ ಪೊರೆಗಳು ಪ್ರಯೋಗಾಲಯಕ್ಕೆ ಮರಳಿವೆ. ಈಗ ಸಂಶೋಧಕರು ಅಳೆಯುತ್ತಿರುವುದು ರಚನೆಗಳ ಆಕಾರವನ್ನಷ್ಟೇ ಅಲ್ಲ, ಪೊರೆಯ ಒಳಹೊರಗಿನ ವಿದ್ಯುದ್ವಿಭವವನ್ನೂ ಕೂಡ.